ಯಾರೋ ‘ನೀನು ಬೇಡ’ ಎಂದಾಗ: ಯೇಸುವಿನ ಹತ್ತಿರ ಸಮಾಧಾನ ಹುಡುಕುವುದು ಹೇಗೆ, ಹಂತ ಹಂತವಾಗಿ

ಹನ್ನೊಂದು ವರ್ಷದ ಗೆಳೆತನ ಒಂದು ದಿನ ನಿಂತುಹೋಯಿತು. ಜಗಳ ಇಲ್ಲ, ಕಾರಣ ಇಲ್ಲ. ಮೊದಲು ಮೆಸೇಜಿಗೆ ಉತ್ತರ ತಡವಾಗಿ ಬರುತ್ತಿತ್ತು, ಆಮೇಲೆ ಬರಲೇ ಇಲ್ಲ, ಕೊನೆಗೆ ನಾವು ಏಳೆಂಟು ಜನ ಸೇರುತ್ತಿದ್ದ ಪ್ರಾರ್ಥನಾ ಕೂಟ ನನ್ನನ್ನು ಬಿಟ್ಟು ನಡೆಯುತ್ತಿದೆ ಅಂತ ಬೇರೆಯವರಿಂದ ಗೊತ್ತಾಯಿತು. ಆ ವಾರ ಮೂವರು ನನಗೆ ಹೇಳಿದ್ದು ಒಂದೇ ಮಾತು: "ದೇವರ ಯೋಜನೆ ಬೇರೆ ಇದೆ, ಬಿಡಿ." ಮಾತು ಸುಳ್ಳಲ್ಲ. ಆದರೆ ಕಾಲು ಮುರಿದುಕೊಂಡು ಬಿದ್ದವರ ಪಕ್ಕ ನಿಂತು ನಡಿಗೆಯ ಲಾಭ ಹೇಳಿದ ಹಾಗಿತ್ತು.

ನಿಮ್ಮದು ಬೇರೆ ಕಥೆ ಇರಬಹುದು. ಗೊತ್ತಾದ ಮದುವೆ ಮುರಿದಿರಬಹುದು, ಸಂದರ್ಶನದ ಮೇಲೆ ಸಂದರ್ಶನ ಕೊಟ್ಟು ಬರಿಗೈಯಲ್ಲಿ ಬಂದಿರಬಹುದು, ಮನೆಯವರೇ ದೂರ ಇಟ್ಟಿರಬಹುದು, ನಂಬಿಕೆಯ ಕಾರಣಕ್ಕೇ ಹೊರಗೆ ಹಾಕಿರಬಹುದು. ಇದಕ್ಕೆಲ್ಲ ಸತ್ಯವೇದದಲ್ಲಿ ಔಷಧಿ ಇದೆ. ಆದರೆ ಯಾವುದನ್ನು ಮೊದಲು ತೆಗೆದುಕೊಳ್ಳಬೇಕು ಅನ್ನುವುದು ಮುಖ್ಯ. ಕೆಳಗೆ ಕ್ಷಮಿಸುವ ಮಾತು ಏಳನೇ ಹಂತದಲ್ಲಿ ಬರುತ್ತದೆ, ಮೊದಲನೆಯದರಲ್ಲಿ ಅಲ್ಲ. ಬೇಕಂತಲೇ ಹಾಗೆ ಇಟ್ಟಿದ್ದೇನೆ.

1. ಮೊದಲು ಊಟ, ನಿದ್ದೆ

1 ಅರಸುಗಳು 19 ತೆಗೆಯಿರಿ. ಪ್ರವಾದಿ ಎಲೀಯ ಜೀವಭಯದಿಂದ ಓಡಿಹೋಗಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವರು ಆಗ ಪಾಠ ಮಾಡಲಿಲ್ಲ. ದೂತನನ್ನು ಕಳಿಸಿದರು, ದೂತನು ಅವನನ್ನು ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ರೊಟ್ಟಿ, ನೀರು. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಅದೇ: ತಟ್ಟಿ ಎಬ್ಬಿಸಿದ್ದು, ಊಟ. ದೇವರು "ಇಲ್ಲಿ ಏನು ಮಾಡುತ್ತಿದ್ದೀ" ಅಂತ ಕೇಳಿದ್ದು ಅವನು ನಲವತ್ತು ದಿನ ನಡೆದು ಬೆಟ್ಟ ಸೇರಿದ ಮೇಲೆ.

ಹಾಗಾಗಿ ಸುದ್ದಿ ಬಂದ ದಿನ ನೀವು ಮಾಡಬೇಕಾದದ್ದು ಇಷ್ಟೇ. ಏನಾದರೂ ತಿನ್ನಿ. ಫೋನ್ ಬೇರೆ ಕೋಣೆಯಲ್ಲಿಡಿ. ಉತ್ತರ ಬರೆಯಬೇಡಿ, ಕರೆ ಮಾಡಬೇಡಿ, ಅವರ ಪ್ರೊಫೈಲ್ ನೋಡಬೇಡಿ. ಉದ್ದದ ಪ್ರಾರ್ಥನೆ ಬರದಿದ್ದರೆ "ಕರ್ತನೇ, ನೋಡು" ಅಂದರೂ ಸಾಕು. ಮಲಗಿ.

2. ನಡೆದದ್ದನ್ನು ಒಂದೇ ಸಾಲಿನಲ್ಲಿ ಬರೆಯಿರಿ

ಮಾರನೇ ದಿನ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಒಂದು ಕಡೆ, ನಡೆದದ್ದು. ಇನ್ನೊಂದು ಕಡೆ, ಅದರಿಂದ ನೀವು ನಿಮ್ಮ ಬಗ್ಗೆ ತೀರ್ಮಾನ ಮಾಡಿಕೊಂಡದ್ದು. "ಆ ಕೆಲಸ ನನಗೆ ಸಿಗಲಿಲ್ಲ" ಅನ್ನುವುದು ನಡೆದದ್ದು. "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅನ್ನುವುದು ತೀರ್ಪು. ಮೊದಲನೆಯದನ್ನು ಬೇರೆಯವರು ಮಾಡಿದರು. ಎರಡನೆಯದನ್ನು ಬರೆದದ್ದು ನೀವೇ, ಅದೂ ಗಾಯ ಹಸಿಯಾಗಿರುವಾಗ. ನಾನು ಬರೆದ ಎರಡನೇ ಕಡೆ ಒಂದೂವರೆ ಪುಟ ಆಗಿತ್ತು, ಮೊದಲನೇ ಕಡೆ ಎರಡೇ ಸಾಲು.

ಈಗ ಆ ತೀರ್ಪುಗಳ ಪಕ್ಕ 1 ಸಮುವೇಲ 16 ಇಟ್ಟು ಓದಿ. ಪ್ರವಾದಿ ಸಮುವೇಲ ಹೊಸ ಅರಸನನ್ನು ಅಭಿಷೇಕಿಸಲು ಇಷಯನ ಮನೆಗೆ ಬಂದಿದ್ದಾನೆ, ಏಳು ಮಕ್ಕಳು ಒಬ್ಬೊಬ್ಬರಾಗಿ ಮುಂದೆ ಬರುತ್ತಾರೆ, ಎಂಟನೆಯವನನ್ನು ಅಪ್ಪ ಕರೆಸಿಯೇ ಇಲ್ಲ. ಕುರಿ ಕಾಯುತ್ತಿದ್ದಾನೆ, ಅಷ್ಟೇ. ಸ್ವಂತ ತಂದೆಯೇ ಲೆಕ್ಕಕ್ಕೆ ತೆಗೆದುಕೊಳ್ಳದ ಆ ಹುಡುಗ ದಾವೀದ. ಮನುಷ್ಯರು ಹೊರಗಿನದನ್ನು ನೋಡುತ್ತಾರೆ, ದೇವರು ಹೃದಯ ನೋಡುತ್ತಾರೆ ಅನ್ನುವ ಮಾತು ಬರುವುದು ಇದೇ ಅಧ್ಯಾಯದ ಏಳನೇ ವಚನದಲ್ಲಿ.

ಆದಿಕಾಂಡ 29ರ ಲೇಯಳ ಕಥೆ ಇನ್ನೂ ಹತ್ತಿರದ್ದು ಅಂತ ನನಗೆ ಅನ್ನಿಸುತ್ತದೆ. ಗಂಡ ಯಾಕೋಬನಿಗೆ ಬೇಡವಾದ ಹೆಂಡತಿ. ಮೊದಲ ಮೂರು ಮಕ್ಕಳು ಹುಟ್ಟಿದಾಗಲೂ ಅವಳ ಬಾಯಲ್ಲಿ ಬರುವುದು ಗಂಡನ ಪ್ರೀತಿ ಸಿಗದ ನೋವು, ಇಲ್ಲ "ಈಗಲಾದರೂ ನನ್ನನ್ನು ಪ್ರೀತಿಸುತ್ತಾನೆ" ಅನ್ನುವ ಆಸೆ. ನಾಲ್ಕನೇ ಮಗನ ಹೊತ್ತಿಗೆ ಆ ಮಾತೇ ಇಲ್ಲ. ಈ ಸಲ ಕರ್ತನನ್ನು ಸ್ತುತಿಸುತ್ತೇನೆ ಅನ್ನುತ್ತಾಳೆ, ಮಗನಿಗೆ ಯೆಹೂದ ಅಂತ ಹೆಸರಿಡುತ್ತಾಳೆ. ಯೇಸು ಹುಟ್ಟಿದ್ದು ಆ ಯೆಹೂದನ ವಂಶದಲ್ಲಿ. ಯಾಕೋಬನ ಮನಸ್ಸು ಬದಲಾಯಿತು ಅಂತ ಅಲ್ಲಿ ಬರೆದಿಲ್ಲ, ಗಮನಿಸಿ. ಮುಂದಿನ ಅಧ್ಯಾಯದಲ್ಲಿ ಲೇಯಳಿಗೆ ಅದೇ ಹಳೇ ಆಸೆ ಮತ್ತೆ ಬರುತ್ತದೆ ಕೂಡ. ನಮಗೂ ಬರುತ್ತದೆ.

3. ದೇವರ ಹತ್ತಿರ ದೂರು ಹೇಳಿ, ನಯವಾಗಿ ಅಲ್ಲ

ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು. ತುಂಬಾ ವಿಶ್ವಾಸಿಗಳಿಗೆ ದೇವರ ಮುಂದೆ ಗೊಣಗುವುದು ಪಾಪ ಅನ್ನುವ ಭಯ ಇರುತ್ತದೆ. ಹಾಗಾದರೆ ಕೀರ್ತನೆಗಳ ಪುಸ್ತಕವನ್ನು ಏನು ಮಾಡುವುದು? 150 ಕೀರ್ತನೆಗಳಲ್ಲಿ ದೊಡ್ಡ ಪಾಲು ಗೋಳಾಟವೇ. 13ನೇ ಕೀರ್ತನೆಯ ಮೊದಲ ಎರಡೇ ವಚನದಲ್ಲಿ "ಎಷ್ಟರವರೆಗೆ" ಅಂತ ನಾಲ್ಕು ಸಲ ಕೇಳುತ್ತಾನೆ ದಾವೀದ. 88ನೆಯದಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಆದರೂ ಅದನ್ನು ಯಾರೂ ಪುಸ್ತಕದಿಂದ ತೆಗೆದುಹಾಕಲಿಲ್ಲ. ಕೆಲವು ರಾತ್ರಿಗಳಿಗೆ ಅದೇ ಸರಿಯಾದ ಪ್ರಾರ್ಥನೆ.

ಗೆಳೆಯರು ಕೈಬಿಟ್ಟಿದ್ದರೆ 55 ಓದಿ. ವೈರಿ ನಿಂದಿಸಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ನನ್ನ ಆಪ್ತ ನೀನು, ನಾವು ಒಟ್ಟಿಗೆ ದೇವರ ಆಲಯಕ್ಕೆ ಹೋಗುತ್ತಿದ್ದೆವಲ್ಲ ಅನ್ನುತ್ತಾನೆ ಅಲ್ಲಿ. ನನ್ನ ಪ್ರಾರ್ಥನಾ ಕೂಟದ ಕಥೆಯನ್ನು ಯಾರೋ ನನಗಿಂತ ಮೊದಲೇ ಬರೆದಿಟ್ಟ ಹಾಗಿತ್ತು. ತಂದೆತಾಯಿ ಬಿಟ್ಟಿದ್ದರೆ 27ನೆಯದು, ಅದರಲ್ಲೂ ಹತ್ತನೇ ವಚನ: ಅವರು ತೊರೆದರೂ ಕರ್ತನು ನನ್ನನ್ನು ಸೇರಿಸಿಕೊಳ್ಳುವನು. ಯಾರೂ ನನ್ನನ್ನು ವಿಚಾರಿಸುವವರಿಲ್ಲ ಅನ್ನಿಸಿದರೆ 142, ಚಿಕ್ಕದು. ದೇವರೇ ಕೈಬಿಟ್ಟಂತೆ ಕಂಡರೆ 22. ಅದರ ಮೊದಲ ಸಾಲನ್ನೇ ಯೇಸು ಶಿಲುಬೆಯ ಮೇಲೆ ಕೂಗಿ ಹೇಳಿದ್ದು. ಅದನ್ನು ಅರ್ಧಕ್ಕೆ ನಿಲ್ಲಿಸಬೇಡಿ, 24ನೇ ವಚನದವರೆಗಾದರೂ ಹೋಗಿ. ದುಃಖಪಡುವವನನ್ನು ದೇವರು ತಿರಸ್ಕರಿಸಲಿಲ್ಲ, ಅವನಿಗೆ ಮುಖ ಮರೆಮಾಡಲಿಲ್ಲ ಅನ್ನುವ ಮಾತು ಅಲ್ಲಿದೆ.

ಓದಿದ ಮೇಲೆ ನಿಮ್ಮದನ್ನು ಬರೆಯಿರಿ. ಕೀರ್ತನೆಗಳ ಅಚ್ಚು ಸುಲಭ: ದೇವರನ್ನು ಕರೆಯುವುದು, ನೋವು ಹೇಳುವುದು, ಬೇಕಾದದ್ದು ಕೇಳುವುದು, ಕೊನೆಗೆ, ಸಾಧ್ಯವಾದರೆ, ನಂಬುವ ಒಂದು ಮಾತು. ನನ್ನದು ಹೀಗಿತ್ತು:

"ತಂದೆಯೇ, ನೀನು ಎಲ್ಲ ನೋಡಿದ್ದೀ. ಅವರು ಸೇರಿದ್ದು ನಿನ್ನ ಹೆಸರಿನಲ್ಲಿ, ನನ್ನನ್ನು ಬಿಟ್ಟದ್ದೂ ಅಲ್ಲೇ. ನನಗೆ ಕಾರಣ ಗೊತ್ತಿಲ್ಲ, ನನಗೆ ನಾಚಿಕೆ ಆಗುತ್ತಿದೆ, ಕೋಪವೂ ಬರುತ್ತಿದೆ. ಒಬ್ಬರನ್ನಾದರೂ ಕಳಿಸು. ಇವತ್ತು ನಿದ್ದೆ ಕೊಡು. ನೀನು ಕೇಳುತ್ತಿದ್ದೀ ಅಂತ ಅನ್ನಿಸುತ್ತಿಲ್ಲ, ಆದರೂ ನಿನಗೇ ಹೇಳುತ್ತಿದ್ದೇನೆ."

ಕೊನೆಯ ಸಾಲಿನಲ್ಲಿ ದೊಡ್ಡ ನಂಬಿಕೆ ಏನೂ ಇಲ್ಲ, ಅಲ್ವಾ? ಅಷ್ಟೇ ಇದ್ದದ್ದು ಆವತ್ತು. ಇಲ್ಲದ್ದನ್ನು ಸೇರಿಸಿ ಬರೆಯಬೇಡಿ. ಒಂದು ವಾರ ದಿನಕ್ಕೊಂದು ಬರೆದು ತಾರೀಖು ಹಾಕಿಡಿ, ಆಮೇಲೆ ಅದು ಉಪಯೋಗಕ್ಕೆ ಬರುತ್ತದೆ.

4. ಯೇಸುವನ್ನು ತಳ್ಳಿದ ಜಾಗಗಳನ್ನು ಸುವಾರ್ತೆಯಲ್ಲಿ ಹುಡುಕಿ

ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಲೂಕ 4ರಲ್ಲಿ ಯೇಸು ಬೆಳೆದ ಊರಾದ ನಜರೇತಿನ ಜನ ಅವರನ್ನು ಗುಡ್ಡದ ಅಂಚಿಗೆ ಕರೆದುಕೊಂಡು ಹೋಗಿ ಕೆಳಗೆ ದಬ್ಬಲು ನೋಡುತ್ತಾರೆ. ಮಾರ್ಕ 3:21ರಲ್ಲಿ ಸ್ವಂತ ಕಡೆಯವರೇ ಇವನಿಗೆ ಬುದ್ಧಿ ಕೆಟ್ಟಿದೆ ಅಂತ ಹಿಡಿಯಲು ಬರುತ್ತಾರೆ. ಯೋಹಾನ 7:5, ತಮ್ಮಂದಿರಿಗೂ ನಂಬಿಕೆ ಇರಲಿಲ್ಲ. ಯೋಹಾನ 6:66, ಶಿಷ್ಯರಲ್ಲೇ ಅನೇಕರು ಬಿಟ್ಟುಹೋದರು, ಆಗ ಯೇಸು ಹನ್ನೆರಡು ಮಂದಿಯನ್ನು ನೀವೂ ಹೋಗಬೇಕೆಂದಿದ್ದೀರಾ ಅಂತ ಕೇಳುತ್ತಾರೆ. ಆ ಪ್ರಶ್ನೆಯನ್ನು ಸುಮ್ನೆ ಓದಿಕೊಂಡು ಹೋಗಬೇಡಿ. ಗೆತ್ಸೇಮನೆಯಲ್ಲಿ ನನ್ನ ಜೊತೆ ಎಚ್ಚರವಾಗಿರಿ ಅಂದರೆ ಮೂವರು ನಿದ್ದೆ ಹೋದರು. ಶಿಷ್ಯರಲ್ಲೇ ಒಬ್ಬ, ಯೂದ, ಮೂವತ್ತು ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ, ಇನ್ನೊಬ್ಬ, ಪೇತ್ರ, ಇವರು ಯಾರೋ ನನಗೆ ಗೊತ್ತಿಲ್ಲ ಅಂತ ಮೂರು ಸಲ ಅಂದ.

ಇದನ್ನೆಲ್ಲ ಓದಿ, ಯೇಸುವಿಗೇ ಹೀಗಾಯಿತು, ನಿನ್ನದೇನು ಮಹಾ ಅಂತ ನಿಮ್ಮನ್ನು ನೀವೇ ಗದರಿಸಿಕೊಳ್ಳಬೇಡಿ. ಇದು ಹೋಲಿಕೆಗೆ ಅಲ್ಲ. ನೀವು ಪ್ರಾರ್ಥನೆ ಮಾಡುವುದು, ತಾವೇ ಬಾಗಿಲ ಹೊರಗೆ ನಿಂತ ಅನುಭವ ಇರುವವರ ಹತ್ತಿರ, ಅಷ್ಟು ತಿಳಿದರೆ ಸಾಕು.

ಒಂದೇ ಅಧ್ಯಾಯಕ್ಕೆ ಸಮಯ ಇದೆ ಅಂದರೆ ಯೋಹಾನ 9 ಓದಿ. ಹುಟ್ಟು ಕುರುಡನಿಗೆ ಕಣ್ಣು ಬರುತ್ತದೆ. ಖುಷಿಪಡಬೇಕಾದವರು ವಿಚಾರಣೆ ಮಾಡುತ್ತಾರೆ. ತಂದೆತಾಯಿ ಸಭಾಮಂದಿರದಿಂದ ಹೊರಗೆ ಹಾಕುತ್ತಾರೇನೋ ಅನ್ನುವ ಭಯಕ್ಕೆ, ಅವನು ದೊಡ್ಡವನು, ಅವನನ್ನೇ ಕೇಳಿ ಅಂತ ಜಾರಿಕೊಳ್ಳುತ್ತಾರೆ. ಕೊನೆಗೆ ಅವನನ್ನು ಹೊರಗೆ ಹಾಕುತ್ತಾರೆ. 35ನೇ ವಚನ: ಅವನನ್ನು ಹೊರಗೆ ಹಾಕಿದರು ಅಂತ ಯೇಸು ಕೇಳಿ, ಅವನನ್ನು ಕಂಡುಕೊಂಡು ಮಾತಾಡಿದರು. ಅವನು ಯೇಸುವನ್ನು ಹುಡುಕಲಿಲ್ಲ, ಯೇಸುವೇ ಬಂದರು. ಈ ಇಡೀ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಆ ಒಂದು ವಚನವೇ. ಅದಕ್ಕೆ ಜೊತೆಯಾಗಿ ಯೋಹಾನ 6:37, "ನನ್ನ ಬಳಿಗೆ ಬರುವವನನ್ನು ನಾನು ತಳ್ಳಿಬಿಡುವುದೇ ಇಲ್ಲ." ಇದನ್ನು ಬಾಯಿಪಾಠ ಮಾಡಿ. ಎರಡನೇ ಹಂತದ ಹಾಳೆ ಇದೆಯಲ್ಲ, ತೀರ್ಪುಗಳ ಕಡೆ ಅಡ್ಡಗೆರೆ ಎಳೆದು ಅದರ ಮೇಲೆ ಇದನ್ನು ಬರೆಯಿರಿ.

5. ನನ್ನ ತಪ್ಪೂ ಇದೆಯಾ ಅಂತ ಕೇಳಿಕೊಳ್ಳಿ

ಇದು ಯಾರಿಗೂ ಇಷ್ಟವಾಗದ ಹಂತ, ನನಗೂ ಆಗಲಿಲ್ಲ. ಬೇಡ ಅಂದವರೆಲ್ಲ ಹಿಂಸಿಸುವವರಲ್ಲ, ಬೇಡ ಅನ್ನಿಸಿಕೊಂಡವರೆಲ್ಲ ಹುತಾತ್ಮರಲ್ಲ. ನಾಲ್ಕೈದು ದಿನ ಕಳೆದ ಮೇಲೆ, ಹೊಟ್ಟೆ ತುಂಬಿರುವಾಗ, ನೇರವಾಗಿ ಮಾತಾಡುವ ಒಬ್ಬರನ್ನು ಕೇಳಿ: ಇದರಲ್ಲಿ ನನ್ನ ಪಾಲು ಏನು?

ಪಾಲು ಇದ್ದರೆ ಮಾರ್ಕನ ಕಥೆ ನೆನಪಿರಲಿ. ಸುವಾರ್ತೆ ಸಾರಲು ಪೌಲ, ಬಾರ್ನಬರ ಜೊತೆ ಹೊರಟ ಈ ಹುಡುಗ ಪಂಫುಲ್ಯದಲ್ಲಿ ಅವರನ್ನು ಬಿಟ್ಟು ವಾಪಸ್ ಹೋದ. ಮುಂದಿನ ಪ್ರಯಾಣಕ್ಕೆ ಇವನು ಬೇಡ ಅಂತ ಪೌಲ ಖಡಾಖಂಡಿತ ಹೇಳಿದ. ಆ ಜಗಳದಲ್ಲಿ ಪೌಲ, ಬಾರ್ನಬರೇ ಬೇರೆಯಾದರು (ಅಪೊಸ್ತಲರ ಕೃತ್ಯಗಳು 15). ಆದರೆ ಬಾರ್ನಬ ಅವನನ್ನು ಕರೆದುಕೊಂಡು ಹೋದ. ವರ್ಷಗಳ ಮೇಲೆ ಅದೇ ಪೌಲ ಸೆರೆಮನೆಯಿಂದ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಅಂತ ಬರೆಯುತ್ತಾನೆ. ತಪ್ಪು ಮಾಡಿದ್ದು ನಿಜ, ಅಲ್ಲಿಗೇ ಮುಗಿಯಲಿಲ್ಲ ಅನ್ನುವುದೂ ನಿಜ.

ಕೆಲವು ಸಲ ಯಾರ ತಪ್ಪೂ ಇರುವುದಿಲ್ಲ. ಮದುವೆ ಪ್ರಸ್ತಾಪಕ್ಕೆ ಒಬ್ಬರು ಒಲ್ಲೆ ಅಂದರೆ ಅದು ಅವರ ಹಕ್ಕು. "ದೇವರು ನನಗೆ ತೋರಿಸಿದ್ದಾರೆ, ನೀವೇ ನನ್ನವರು" ಅಂತ ಹಿಂದೆ ಬೀಳುವುದು ನಂಬಿಕೆ ಅಲ್ಲ, ಕಾಟ. ಮಾರ್ಕ 10ರಲ್ಲಿ ಒಬ್ಬ ಐಶ್ವರ್ಯವಂತನನ್ನು ಯೇಸು ದೃಷ್ಟಿಸಿ ನೋಡಿ ಪ್ರೀತಿಸಿದರು ಅಂತಿದೆ. ಇದ್ದದ್ದನ್ನೆಲ್ಲ ಮಾರಿ ನನ್ನ ಹಿಂದೆ ಬಾ ಅಂದಾಗ ಅವನು ದುಃಖದಿಂದ ಹೊರಟುಹೋದ, ಯೇಸು ಹೋಗಲು ಬಿಟ್ಟರು.

6. ಒಬ್ಬರಿಗೆ ಹೇಳಿ, ಬೇಕಾದದ್ದು ಕೇಳಿ

ಪೌಲ ಕೊನೆಗಾಲದಲ್ಲಿ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ನಾಲ್ಕನೇ ಅಧ್ಯಾಯ ನನಗೆ ತುಂಬಾ ಹಿಡಿಸುತ್ತದೆ. ಜೊತೆಯಲ್ಲಿದ್ದ ದೇಮ ನನ್ನನ್ನು ಬಿಟ್ಟುಹೋದ ಅನ್ನುತ್ತಾನೆ. ನನ್ನ ಮೊದಲ ವಿಚಾರಣೆಯಲ್ಲಿ ಯಾರೂ ಜೊತೆ ನಿಲ್ಲಲಿಲ್ಲ, ಎಲ್ಲರೂ ಕೈಬಿಟ್ಟರು, ಆದರೆ ಕರ್ತನು ನನ್ನ ಹತ್ತಿರ ನಿಂತನು ಅನ್ನುತ್ತಾನೆ. ಇಷ್ಟು ಹೇಳಿದವನು, ಕರ್ತನಿದ್ದಾನೆ, ಮನುಷ್ಯರು ಯಾಕೆ ಅನ್ನಬಹುದಿತ್ತು. ಇಲ್ಲ. ಬೇಗ ಬಾ, ಚಳಿಗಾಲಕ್ಕೆ ಮುಂಚೆ ಬಾ, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ ತಾ, ಪುಸ್ತಕಗಳನ್ನೂ ತಾ ಅಂತ ಕೇಳುತ್ತಾನೆ.

ನೀವೂ ಹಾಗೇ ಕೇಳಿ. "ನನಗಾಗಿ ಪ್ರಾರ್ಥಿಸಿ" ಅಂತ ಗ್ರೂಪಿನಲ್ಲಿ ಹಾಕಿದರೆ ಮೂವತ್ತು ಆಮೆನ್ ಬರುತ್ತವೆ, ಯಾರೂ ಮನೆಗೆ ಬರುವುದಿಲ್ಲ. ಅದರ ಬದಲು ಒಬ್ಬರಿಗೆ ಹೇಳಿ: "ಭಾನುವಾರ ಆರಾಧನೆಗೆ ಒಬ್ಬನೇ ಬರಲು ಆಗುತ್ತಿಲ್ಲ, ನನ್ನ ಪಕ್ಕ ಕೂತುಕೊಳ್ಳುತ್ತೀರಾ?" ಅಥವಾ "ಈ ವಾರ ದಿನಾ ರಾತ್ರಿ ಹತ್ತು ನಿಮಿಷ ಫೋನಿನಲ್ಲಿ ಸಿಗುತ್ತೀರಾ?" ಯಾರಿಗೆ ಹೇಳುವುದು ಅಂದರೆ, ಬೇರೆಯವರ ಗುಟ್ಟನ್ನು ನಿಮ್ಮ ಹತ್ತಿರ ಪ್ರಾರ್ಥನೆಯ ವಿಷಯ ಅಂತ ಹೇಳದವರಿಗೆ. ನಾನು ಹೇಳಿದ್ದು ನನ್ನ ತಂಗಿಗೆ. ಅವಳು ಒಂದೂ ವಚನ ಹೇಳಲಿಲ್ಲ, ಬಂದು ಕೂತಳು. ಎಲೀಯನೂ ನಾನೊಬ್ಬನೇ ಉಳಿದಿದ್ದೇನೆ ಅಂತ ಎರಡು ಸಲ ಅಂದಿದ್ದ. ದೇವರು ಏಳು ಸಾವಿರ ಮಂದಿ ಇದ್ದಾರೆ ಅಂದರು, ಜೊತೆಗೆ ಎಲೀಷ ಅನ್ನುವ ಒಬ್ಬನನ್ನು ಹೆಸರು ಹೇಳಿ ಕೊಟ್ಟರು.

7. ಬೆಂಕಿ ಕರೆಯಬೇಡಿ, ವಾಪಸ್ ಓಡಬೇಡಿ

ಲೂಕ 9ರಲ್ಲಿ ಸಮಾರ್ಯದ ಒಂದು ಹಳ್ಳಿ ಯೇಸುವನ್ನು ಸೇರಿಸಲಿಲ್ಲ. ಶಿಷ್ಯರಾದ ಯಾಕೋಬ, ಯೋಹಾನರು ಆಕಾಶದಿಂದ ಬೆಂಕಿ ಬೀಳಿಸೋಣವೇ ಅಂತ ಕೇಳಿದರು. ಯೇಸು ಅವರನ್ನು ಗದರಿಸಿದರು, ಬೇರೆ ಹಳ್ಳಿಗೆ ಹೋದರು. ಮುಂದಿನ ಹಳ್ಳಿ, ಅಷ್ಟೇ. ಇವತ್ತಿನ ಬೆಂಕಿ ಅಂದರೆ ಸ್ಟೇಟಸ್‌ನಲ್ಲಿ ಯಾರಿಗೋ ತಾಗಲಿ ಅಂತ ಹಾಕುವ ವಚನಗಳು. ನಾನು ಎರಡು ಹಾಕಿ ಅಳಿಸಿದ್ದೇನೆ.

ಕ್ಷಮಿಸುವುದು ಬೇರೆ, ಮೊದಲಿನ ಹಾಗೆ ಆಗುವುದು ಬೇರೆ. ಕ್ಷಮೆ ಅಂದರೆ ಲೆಕ್ಕ ತೀರಿಸುವ ಕೆಲಸವನ್ನು ದೇವರಿಗೆ ಒಪ್ಪಿಸುವುದು, ರೋಮಾಪುರದವರಿಗೆ 12:19. ಅದಕ್ಕೆ ಅವರ ಒಪ್ಪಿಗೆ ಬೇಡ. ಸಂಬಂಧ ಮತ್ತೆ ಕೂಡಲು ಇಬ್ಬರೂ ಬೇಕು, ಅದಕ್ಕೇ ಅದರ ಹಿಂದಿನ ವಚನ "ಸಾಧ್ಯವಾದರೆ, ನಿಮ್ಮಿಂದ ಆಗುವಷ್ಟು" ಅನ್ನುವ ಅರ್ಥದಲ್ಲಿದೆ. ಮಾತಾಡಬೇಕು ಅನ್ನಿಸಿದರೆ ಮತ್ತಾಯ 18:15ರ ದಾರಿ ಹಿಡಿಯಿರಿ: ನೀವಿಬ್ಬರೇ ಇರುವಾಗ, ಒಂದು ಸಲ, ಚಿಕ್ಕದಾಗಿ. "ನನಗೆ ನೋವಾಗಿದೆ, ಕಾರಣ ಹೇಳಿದರೆ ಕೇಳುತ್ತೇನೆ." ಉತ್ತರ ಬರದಿದ್ದರೆ ಮತ್ತೆ ಮತ್ತೆ ಬಾಗಿಲು ಬಡಿಯಬೇಡಿ.

ಹೊಡೆಯುವವರು, ಬೆದರಿಸುವವರು ಆಗಿದ್ದರೆ ಒಬ್ಬರೇ ಹೋಗಿ ಮಾತಾಡುವ ಪ್ರಶ್ನೆಯೇ ಇಲ್ಲ. ಮೊದಲು ಸುರಕ್ಷಿತ ಜಾಗ ಸೇರಿಕೊಳ್ಳಿ. 1 ಸಮುವೇಲ 26ರಲ್ಲಿ ದಾವೀದ, ತನ್ನನ್ನು ಕೊಲ್ಲಲು ಬೆನ್ನುಹತ್ತಿದ್ದ ಅರಸ ಸೌಲನನ್ನು ಕೊಲ್ಲಬಹುದಿತ್ತು, ಕೊಲ್ಲಲಿಲ್ಲ, ಅವನ ಈಟಿಯನ್ನಷ್ಟೇ ತೆಗೆದುಕೊಂಡು ಬಂದ. ಸೌಲ ಅತ್ತ ಕಡೆಯಿಂದ, ತಪ್ಪಾಯಿತು ಮಗನೇ, ವಾಪಸ್ ಬಾ ಅನ್ನುತ್ತಾನೆ. ದಾವೀದ ಈಟಿಯನ್ನು ಹಿಂದಿರುಗಿಸಿದ, ತಾನು ಹೋಗಲಿಲ್ಲ. ಕ್ಷಮಿಸಿದ್ದೀಯಾದರೆ ವಾಪಸ್ ಹೋಗು ಅಂತ ಒತ್ತಾಯ ಮಾಡುವವರಿಗೆ ಈ ಅಧ್ಯಾಯ ತೋರಿಸಿ.

8. ತಳ್ಳಿದ್ದು ಸಭೆಯೇ ಆದರೆ

ಇದು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಸಮಾಧಾನ ಸಿಗಬೇಕಾದ ಜಾಗದಿಂದಲೇ ಗಾಯ ಆಗಿದೆ. ಉಳಿಯುವುದೋ ಹೊರಡುವುದೋ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. 1782ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಹೋಲಿ ಟ್ರಿನಿಟಿ ಚರ್ಚಿಗೆ ಚಾರ್ಲ್ಸ್ ಸಿಮಿಯನ್ ಸಭಾಪಾಲಕರಾಗಿ ಬಂದಾಗ ಸಭಿಕರಿಗೆ ಅವರು ಬೇಡವಾಗಿದ್ದರು. ತಮ್ಮ ಆಸನಗಳ ಬಾಗಿಲಿಗೆ ಬೀಗ ಹಾಕಿಕೊಂಡರು, ಕೇಳಲು ಬಂದವರು ನಡುದಾರಿಯಲ್ಲಿ ನಿಲ್ಲಬೇಕಾಯಿತು. ಸಿಮಿಯನ್ ಬಿಟ್ಟು ಹೋಗಲಿಲ್ಲ, 1836ರಲ್ಲಿ ಸಾಯುವವರೆಗೆ 54 ವರ್ಷ ಅಲ್ಲೇ ಸೇವೆ ಮಾಡಿದರು. ಇನ್ನೊಂದು ಕಡೆ ಅಮೆರಿಕದ ಫಿಲಡೆಲ್ಫಿಯದ ರಿಚರ್ಡ್ ಅಲೆನ್, ಗುಲಾಮಗಿರಿಯಲ್ಲಿ ಹುಟ್ಟಿದವರು. ಅವರು ಹೋಗುತ್ತಿದ್ದ ಚರ್ಚಿನಲ್ಲಿ ಕರಿಯ ವಿಶ್ವಾಸಿಗಳು ಮೊಣಕಾಲೂರಿ ಪ್ರಾರ್ಥಿಸುತ್ತಿರುವಾಗಲೇ ಅವರನ್ನು ಹಿಡಿದು ಎಬ್ಬಿಸಿದರು. ಅವರು ಎದ್ದು ಹೊರಟರು. 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್ ಶುರುವಾಯಿತು, ಅಲೆನ್ ಅದರ ಮೊದಲ ಬಿಷಪ್.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಸಭಾಪಾಲಕರಿಗೆ ಒಂದು ಸಲ ಹೇಳಿ. ಕೇಳಿಸಿಕೊಂಡರೆ ಕೆಲವು ತಿಂಗಳು ನೋಡಿ. ಹೇಳಿದ ಮೇಲೂ ಅವಮಾನ ಮುಂದುವರಿದರೆ ಬೇರೆ ಸಭೆ ಹುಡುಕಿ, ಆದರೆ ಮನೆಯಲ್ಲೇ ಉಳಿದುಬಿಡಬೇಡಿ. ಇಬ್ರಿಯರಿಗೆ 13ರಲ್ಲಿ ಯೇಸು ಊರ ಬಾಗಿಲಿನ ಹೊರಗೆ ಸತ್ತದ್ದನ್ನು ನೆನಪಿಸಿ, ನಾವೂ ಪಾಳೆಯದ ಆಚೆ ಅವರ ಹತ್ತಿರ ಹೋಗೋಣ ಅಂತ ಬರೆದಿದೆ. ಸಭೆಯ ಹೊರಗೆ ಇದ್ದ ಮಾತ್ರಕ್ಕೆ ಯೇಸುವಿನ ಹೊರಗೆ ಇದ್ದೀರಿ ಅಂತ ಅಲ್ಲ.

9. ನೋವು ವಾಪಸ್ ಬಂದಾಗ

ಬರುತ್ತದೆ. ಫೋಟೋ ನೋಡಿದಾಗ, ಅದೇ ತಾರೀಖು ಬಂದಾಗ, ಯಾರೋ ಅವರ ಹೆಸರು ಹೇಳಿದಾಗ. ನೀವು ಕ್ಷಮಿಸಿಲ್ಲ ಅಂತ ಅದರ ಅರ್ಥವಲ್ಲ. ತಾರೀಖು ಹಾಕಿಟ್ಟ ಪ್ರಾರ್ಥನೆಗಳನ್ನು ಆಗ ತೆಗೆದು ಓದಿ.

ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದೂ ಬೇಡ ಅನ್ನಿಸುತ್ತಿದೆ ಅಂದರೆ ವೈದ್ಯರನ್ನು ಅಥವಾ ಆಪ್ತ ಸಲಹೆಗಾರರನ್ನು ನೋಡಿ. ಬದುಕೇ ಸಾಕು ಅನ್ನುವ ಯೋಚನೆ ಬಂದರೆ ಅವತ್ತೇ, ಆ ಗಂಟೆಯಲ್ಲೇ ಒಬ್ಬರಿಗೆ ಹೇಳಿ, ಒಬ್ಬರೇ ಇರಬೇಡಿ. ಎಲೀಯನೂ ಹಾಗೇ ಅಂದಿದ್ದ, ಅವನಿಗೆ ನಂಬಿಕೆ ಕಡಿಮೆ ಅಂತ ದೇವರು ಹೇಳಲಿಲ್ಲ. ಮಾತ್ರೆ ತೆಗೆದುಕೊಳ್ಳುವುದೂ ಪ್ರಾರ್ಥನೆ ಮಾಡುವುದೂ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಆ ಗೆಳೆಯ ಎರಡು ವರ್ಷದ ಮೇಲೆ ಒಂದು ಮದುವೆಯಲ್ಲಿ ಎದುರಾದ. ತಲೆ ಆಡಿಸಿದ, ನಾನೂ ಆಡಿಸಿದೆ. ಅಷ್ಟೇ. ಕಾರಣ ಇವತ್ತಿಗೂ ಗೊತ್ತಿಲ್ಲ. ಎಲ್ಲ ವಾಸಿಯಾಗಿದೆ ಅಂದುಕೊಂಡಿದ್ದೆ, ರಾತ್ರಿ ಎರಡಾದರೂ ನಿದ್ದೆ ಬರಲಿಲ್ಲ. ಎದ್ದು 13ನೇ ಕೀರ್ತನೆ ಓದಿದೆ, ಆರೇ ವಚನ. ನಾಲ್ಕನೆಯದಕ್ಕೆ ನಿಲ್ಲಿಸಿದೆ, ಆವತ್ತು ಐದನೆಯದನ್ನು ಹೇಳಲು ಮನಸ್ಸಾಗಲಿಲ್ಲ. ಬೆಳಿಗ್ಗೆ ತಂಗಿಗೆ ಫೋನ್ ಮಾಡಿದೆ. ಉಳಿದ ಎರಡನ್ನು ಅವಳು ಓದಿದಳು.